ಜಾಹೀರಾತು ಕತ್ತರಿಸದ ಅಂಗಡಿ

ಮನೆಯ ಅಟ್ಟದಲ್ಲಿ ಹಳೇ ವಿಡಿಯೋ ಕ್ಯಾಸೆಟ್ ಇಟ್ಟುಕೊಂಡವರು ಇದನ್ನು ಓದಿ. ಮಂಗಳೂರಿನ ರಥಬೀದಿ ಹತ್ತಿರ ಒಂದು ಸಣ್ಣ ಅಂಗಡಿ ಇದೆ. ಕ್ಯಾಸೆಟ್‌ನಲ್ಲಿರುವುದನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರೆ. ಬೋರ್ಡ್ ಇಲ್ಲ. ಕೆಳಗೆ ಹೂವಿನ ಅಂಗಡಿ, ಪಕ್ಕದಲ್ಲಿ ಮರದ ಮೆಟ್ಟಿಲು, ಹತ್ತಿದರೆ ಒಂದೇ ಕೋಣೆ. ಒಳಗೆ ಕ್ಯಾಸೆಟ್ ಓಡಿಸುವ ಆರು ವಿಸಿಆರ್, ದಪ್ಪ ಬೆನ್ನಿನ ಒಂದು ಹಳೇ ಟಿವಿ, ಒಂದು ಕಂಪ್ಯೂಟರ್. ನಡೆಸುವವರಿಗೆ ಅರವತ್ತರ ಆಸುಪಾಸು. ಮೊದಲು ಟಿವಿ ರಿಪೇರಿ ಮಾಡುತ್ತಿದ್ದರಂತೆ. "ಹೆಸರು ಗಿಸರು ಹಾಕ್ಬೇಡಿ ಮಾರಾಯ್ರೆ, ಜನ ಜಾಸ್ತಿ ಬಂದ್ರೆ ನನ್ನಿಂದ ಆಗುದಿಲ್ಲ" ಅಂದರು. ಹಾಗಾಗಿ ಹಾಕುತ್ತಿಲ್ಲ. ಹೂವಿನವರ ಹತ್ತಿರ ಕೇಳಿದರೆ ಮೆಟ್ಟಿಲು ತೋರಿಸುತ್ತಾರೆ.

ನಾನು ಅಲ್ಲಿಗೆ ಹೋದದ್ದು ಹೆದರಿಕೊಂಡೇ. ಮೂರು ವರ್ಷದ ಹಿಂದೆ ಬೇರೆ ಕಡೆ ಒಂದು ಕ್ಯಾಸೆಟ್ ಕೊಟ್ಟಿದ್ದೆ. ಅಪ್ಪ ಟಿವಿಯಿಂದ ರೆಕಾರ್ಡ್ ಮಾಡಿ ಇಟ್ಟದ್ದು. 1996ರ ಮಾರ್ಚ್ 9, ಬೆಂಗಳೂರಿನಲ್ಲಿ ನಡೆದ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್. ವೆಂಕಟೇಶ್ ಪ್ರಸಾದ್ ಅಮೀರ್ ಸೊಹೇಲ್‌ನ ಸ್ಟಂಪ್ ಎಗರಿಸಿದ ಮ್ಯಾಚ್. ಪೆನ್‌ಡ್ರೈವ್ ಮನೆಗೆ ತಂದು ಹಾಕಿದರೆ ಮ್ಯಾಚ್ ಏನೋ ಇದೆ, ಓವರ್‌ಗಳ ನಡುವಿನ ಜಾಹೀರಾತು ಒಂದೂ ಇಲ್ಲ. ಕೇಳಿದರೆ, "ಅದೆಲ್ಲ ವೇಸ್ಟ್ ಅಲ್ವಾ ಮೇಡಂ, ಕಟ್ ಮಾಡಿದೆ. ಅದಕ್ಕೆ ಚಾರ್ಜ್ ಮಾಡಿಲ್ಲ" ಅಂದರು. ಉಪಕಾರ ಮಾಡಿದೆ ಅಂತಲೇ ಅವರು ತಿಳಿದಿದ್ದರು. ನನಗೆ ಅಳು ಬಂತು.

ಆ ವಿಕೆಟ್ ಇವತ್ತು ಯಾರ ಫೋನ್‌ನಲ್ಲಿ ಬೇಕಾದರೂ ಸಿಗುತ್ತದೆ. ಆ ವಿಶ್ವಕಪ್‌ಗೆ ಅಧಿಕೃತ ಪಾನೀಯ ಕೋಕಾಕೋಲಾ. ಪೆಪ್ಸಿಯವರು 'ನಥಿಂಗ್ ಅಫಿಶಿಯಲ್ ಅಬೌಟ್ ಇಟ್' ಅಂತ ಎದುರು ಜಾಹೀರಾತು ಮಾಡಿದ್ದರು. ಓವರ್ ಮುಗಿದ ಕೂಡಲೇ ಅದು ಬರುತ್ತಿತ್ತು. ಟಿವಿಯವರು ಹೇಳುವುದಕ್ಕೆ ಮೊದಲು ಅಣ್ಣ ಆ ಮಾತು ಹೇಳುತ್ತಿದ್ದ. ಅಮ್ಮ ಅದೇ ಹೊತ್ತಿಗೆ ಎದ್ದು ಕುಕ್ಕರ್ ಇಳಿಸುತ್ತಿದ್ದಳು. ನಮ್ಮ ಮನೆ ಇದ್ದದ್ದು ಆ ಜಾಹೀರಾತುಗಳ ನಡುವೆ. ಅದನ್ನೇ ಕತ್ತರಿಸಿ ಬಿಸಾಡಿದ್ದರು.

ಈ ಸಲ ನನ್ನ ಕೈಯಲ್ಲಿದ್ದದ್ದು ಇನ್ನೂ ಹಳೇದು. 1990ರಲ್ಲಿ ನ್ಯೂಜೆರ್ಸಿಯಿಂದ ಚಿಕ್ಕಮ್ಮ ಕಳಿಸಿದ ಕ್ಯಾಸೆಟ್. ಆಗ ನನಗೆ ಎಂಟು ವರ್ಷ, ಅಣ್ಣನಿಗೆ ಹನ್ನೊಂದು. ಅಲ್ಲಿಯ ಮಕ್ಕಳು ನೋಡುವ ಕಾರ್ಟೂನ್ ಇಲ್ಲಿಯ ಮಕ್ಕಳೂ ನೋಡಲಿ ಅಂತ ಒಂದು ಶನಿವಾರ ಬೆಳಗ್ಗೆ ರೆಕಾರ್ಡ್ ಬಟನ್ ಒತ್ತಿಟ್ಟು ಅವರು ಕೆಲಸಕ್ಕೆ ಹೋಗಿದ್ದರು. ಎರಡು ಗಂಟೆಯ ಟೇಪ್ ತುಂಬಿ ಅದಾಗಿಯೇ ನಿಂತಿದೆ. ಊರಿಗೆ ಬರುವವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದ್ದು ಸೆಪ್ಟೆಂಬರ್‌ನಲ್ಲಿ. ಅದು ಎಲ್ಲೆಲ್ಲೋ ಸುತ್ತಿ ಉಡುಪಿಗೆ, ಕುಂಜಿಬೆಟ್ಟಿನ ನಮ್ಮ ಮನೆಗೆ, ತಲುಪುವಾಗ ನವೆಂಬರ್. ಲೇಬಲ್ ಮೇಲೆ ಚಿಕ್ಕಮ್ಮನ ದುಂಡು ಅಕ್ಷರ: 'ಮಕ್ಕಳಿಗೆ. ಅಳಿಸಬೇಡಿ.'

ಅಪ್ಪ ಕ್ಯಾಸೆಟ್ ಲೈಬ್ರರಿಯಿಂದ ಒಂದು ರಾತ್ರಿಗೆ ವಿಸಿಪಿ, ಅಂದರೆ ಕ್ಯಾಸೆಟ್ ಹಾಕಿ ನೋಡುವ ಮೆಷಿನ್, ಬಾಡಿಗೆಗೆ ತಂದರು. ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಕೂತರು. ಅಮ್ಮ ಗೋಳಿಬಜೆ ಕರಿದಳು. ಹಾಕಿದರೆ ಚಿತ್ರ ನಿಲ್ಲುತ್ತಲೇ ಇಲ್ಲ. ಕಪ್ಪು-ಬಿಳುಪು, ಅದೂ ಮೇಲಿಂದ ಕೆಳಗೆ ಉರುಳುತ್ತಾ ಇದೆ. ಮಾತೆಲ್ಲ ಎಳೆದೆಳೆದು, ರಾಕ್ಷಸರು ಮಾತಾಡಿದ ಹಾಗೆ. ಅಪ್ಪ ಟಿವಿಯ ಹಿಂದಿನ ಗುಬುಟುಗಳನ್ನೆಲ್ಲ ತಿರುಗಿಸಿ ನೋಡಿದರು. ಏನೂ ಆಗಲಿಲ್ಲ.

ನಡುವೆ ಒಂದು ಕಡೆ ಮಾತ್ರ ಜನರ ಗುಂಪು ಕಂಡಿತು. ಸಾವಿರಾರು ಜನ ಇದ್ದ ಹಾಗೆ. ಎಲ್ಲರೂ ಒಂದೇ ಮಾತು ಕೂಗುತ್ತಿದ್ದಾರೆ. "ಮಾ...ರೀ... ಮಾ...ರೀ..."

ಅಜ್ಜಿ ಅಲ್ಲಿಯೇ ಗೋಡೆಗೆ ಒರಗಿ ಕೂತಿದ್ದರು. ಕಾಪುವಿನ ಮಾರಿಪೂಜೆಗೆ ವರ್ಷ ತಪ್ಪದೆ ಹೋಗುವವರು. ನೆಟ್ಟಗೆ ಕೂತು, "ಅಮೆರಿಕದಲ್ಲೂ ಮಾರಿಪೂಜೆ ಉಂಟಾ?" ಅಂತ ಕೇಳಿದರು. ಯಾರೂ ಇಲ್ಲ ಅನ್ನಲಿಲ್ಲ. ನಮಗೂ ಹಾಗೇ ಕೇಳಿಸಿತ್ತು. ಅಜ್ಜಿ ಕೈಮುಗಿದರು. ನಾವೂ ಮುಗಿದೆವು. ಮತ್ತೆ ಆ ಕ್ಯಾಸೆಟ್ ಬಿಸ್ಕೆಟ್ ಡಬ್ಬದೊಳಗೆ ಹೋಗಿ ಅಟ್ಟ ಸೇರಿತು.

ಈ ವರ್ಷ ಮನೆಗೆ ಹೊಸ ಹೆಂಚು ಹಾಕಿಸುವಾಗ ಡಬ್ಬ ಕೆಳಗೆ ಬಂತು. ಅದನ್ನು ಬ್ಯಾಗಿಗೆ ಹಾಕಿಕೊಂಡು ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ತಂದೆ.

ಅಂಗಡಿಯವರು ಕ್ಯಾಸೆಟ್ ಕೈಗೆ ತಗೊಂಡು ಮೊದಲು ನೋಡಿದ್ದು ಅದರ ಪ್ಲಾಸ್ಟಿಕ್ ಕಿಟಕಿಯನ್ನು. ಟೇಪಿನ ಸುರುಳಿಯ ಮೇಲೆ ಬಿಳಿ ಹುಡಿ ಕೂತಿತ್ತು. ಬೂಷ್ಟು. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆಗೆ ಚಪ್ಪಲಿಯನ್ನೇ ಬಿಡದ ಬೂಷ್ಟು ಕ್ಯಾಸೆಟ್ ಬಿಡುತ್ತದಾ?

"ಇದನ್ನು ಈಗ ಎಲ್ಲಿಯಾದ್ರೂ ಹಾಕಿ ನೋಡಿದ್ರಾ?"

"ಇಲ್ಲ ಅಣ್ಣ."

"ಒಳ್ಳೇದಾಯ್ತು. ಹಾಕಿದ್ರೆ ಟೇಪೂ ಹೋಗ್ತಿತ್ತು, ಮೆಷಿನಿನ ಹೆಡ್ಡೂ ಹೋಗ್ತಿತ್ತು."

ನಾನು ಅಲ್ಲೇ ಕೂತು ನೋಡಿದೆ. ಬೇಡ ಅನ್ನಲಿಲ್ಲ. ಕ್ಯಾಸೆಟ್ ಮಗುಚಿ ಐದು ಸ್ಕ್ರೂ ಬಿಚ್ಚಿದರು. ಒಂದೊಂದನ್ನೂ ಸ್ಟೀಲ್ ತಟ್ಟೆಗೆ ಹಾಕಿದರು. ಮುಚ್ಚಳ ಎತ್ತಿದರೆ ಒಳಗೆ ಇಷ್ಟೇ: ಎರಡು ಚಕ್ರ, ಒಂದೆರಡು ಸ್ಪ್ರಿಂಗ್, ಸಣ್ಣ ಸಣ್ಣ ಉರುಳೆ, ಮತ್ತೆ ಅರ್ಧ ಇಂಚು ಅಗಲದ ಕಪ್ಪು ಪಟ್ಟಿ. ಅದರ ಉದ್ದ 240 ಮೀಟರ್‌ಗೂ ಜಾಸ್ತಿ. ಸ್ಪಿರಿಟ್ ತಾಗಿಸಿದ ಮೆತ್ತನೆ ಬಟ್ಟೆಯನ್ನು ಸುರುಳಿಯ ಅಂಚಿಗೆ ಹಿಡಿದು ಬೆರಳಿನಿಂದಲೇ ಚಕ್ರ ತಿರುಗಿಸಿದರು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದ ಕೂಡಲೇ ಬದಲಾಯಿಸುತ್ತಿದ್ದರು. ಒಂದು ಸಲವೂ ಅವಸರ ಮಾಡಲಿಲ್ಲ. ಆಮೇಲೆ ಸುರುಳಿಯನ್ನು ಹೊಸ ಹೊರಡಬ್ಬಿಗೆ ಹಾಕಿ, ಶೂ ಬಾಕ್ಸ್‌ನಲ್ಲಿ ಬರುತ್ತದಲ್ಲ ಆ ಸಿಲಿಕಾ ಪೊಟ್ಟಣ, ಅದು ತುಂಬಿದ ಡಬ್ಬದಲ್ಲಿ ಎರಡು ದಿನ ಇಟ್ಟರು. ಹಳೇ ಡಬ್ಬಿಯಿಂದ ಚಿಕ್ಕಮ್ಮನ ಲೇಬಲ್ ಬಿಡಿಸಿ ಹೊಸದಕ್ಕೆ ಅಂಟಿಸಿದರು. ಅದನ್ನು ನಾನು ಕೇಳಿರಲಿಲ್ಲ.

ಬಣ್ಣ ಯಾಕೆ ಬಂದಿರಲಿಲ್ಲ ಅಂತ ಗೊತ್ತಾದದ್ದೂ ಅವರಿಂದಲೇ. ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅಲ್ಲಿ ಒಂದು ಚಿತ್ರಕ್ಕೆ 525 ಗೆರೆ, ಸೆಕೆಂಡಿಗೆ 30 ಚಿತ್ರ. ನಮ್ಮಲ್ಲಿ 625 ಗೆರೆ, 25 ಚಿತ್ರ. ಬಣ್ಣ ಕಳಿಸುವ ರೀತಿಯೂ ಬೇರೆ. ವಿಸಿಆರ್ ಒಳಗಿನ ಡ್ರಮ್ ಅವರದ್ದು ನಿಮಿಷಕ್ಕೆ 1800 ಸುತ್ತು, ನಮ್ಮದು 1500. ಟೇಪ್ ಓಡುವ ವೇಗವೂ ನಮ್ಮದು ಕಡಿಮೆ. ಹಾಗಾಗಿ ನಮ್ಮ ಬಾಡಿಗೆ ವಿಸಿಪಿಗೆ ಚಿತ್ರ ಹಿಡಿಯಲು ಆಗಲಿಲ್ಲ, ದನಿ ರಾಕ್ಷಸ ದನಿ ಆಯಿತು. ಅಪ್ಪ ಯಾವ ಗುಬುಟು ತಿರುಗಿಸಿದ್ದರೂ ಅಷ್ಟೇ. ಅಪ್ಪ ಈಗ ಇಲ್ಲ. ಇದ್ದಿದ್ದರೆ ಮೊದಲು ಅವರಿಗೆ ಫೋನ್ ಮಾಡಿ ಹೇಳುತ್ತಿದ್ದೆ.

ಇವರ ಹತ್ತಿರ ಎಲ್ಲಾ ಪದ್ಧತಿಯನ್ನೂ ಓದುವ ವಿಸಿಆರ್ ಎರಡು ಇದೆ. ಗಲ್ಫ್‌ನಿಂದ ಊರಿಗೆ ಬಂದವರು ಮಾರಿ ಹೋದದ್ದಂತೆ.

ಕೆಲಸ ಶುರು ಮಾಡುವ ಮೊದಲು ಅವರಾಗಿಯೇ ಒಂದು ಪ್ರಶ್ನೆ ಕೇಳಿದರು. "ಅಡ್ವರ್ಟೈಸ್‌ಮೆಂಟ್ ಇರ್ಲಿಯಾ, ತೆಗೀಲಿಕ್ಕುಂಟಾ?" ಇರಲಿ ಅಂದೆ. ಅವರ ಮುಖ ಅರಳಿತು. "ಹಾಗೆ ಹೇಳುವವರು ಕಡಿಮೆ. ನನ್ನನ್ನು ಕೇಳಿದ್ರೆ ನೋಡ್ಲಿಕ್ಕೆ ಇರುವುದೇ ಅದು" ಅಂದರು. ಆ ಕ್ಷಣಕ್ಕೇ ಈ ಅಂಗಡಿಗೆ ನನ್ನ ಪೂರ್ತಿ ಅಂಕ.

ಅದು ಮುಗಿಯಿತು ಅಂತ ಫೋನ್ ಬಂದ ಶನಿವಾರ ಮಗಳನ್ನೂ ಕರಕೊಂಡು ಹೋದೆ. ಅವಳಿಗೆ ಹನ್ನೆರಡು. ದಪ್ಪ ಟಿವಿಯ ಮುಂದೆ ಎರಡು ಸ್ಟೂಲ್ ಹಾಕಿಕೊಟ್ಟರು. ಕಾರ್ಟೂನ್ ಬಂತು. ಬಣ್ಣ ಬಂತು! ಚಿತ್ರದ ಕೆಳಗಿನ ಅಂಚಿನಲ್ಲಿ ಒಂದು ಗೆರೆ ಅಲುಗುತ್ತಿತ್ತು, ಕೆಂಪು ಸ್ವಲ್ಪ ಆಚೆ ಈಚೆ ಸೋರಿದ ಹಾಗಿತ್ತು, ಅಷ್ಟೇ. ಹತ್ತು ನಿಮಿಷಕ್ಕೆ ಜಾಹೀರಾತು. ಜನರ ಗುಂಪು. ಎಲ್ಲರೂ ಆಕಾಶ ನೋಡಿಕೊಂಡು ಕೂಗುತ್ತಿದ್ದಾರೆ.

"ಮಾರಿಯೋ! ಮಾರಿಯೋ! ಮಾರಿಯೋ!"

ನಾನು ಸ್ಟೂಲ್ ಮೇಲಿಂದ ಎದ್ದುಬಿಟ್ಟೆ. ಅದು ಮಾರಿ ಅಲ್ಲ, ಮಾರಿಯೋ. ಮೀಸೆಯ, ಕೆಂಪು ಟೋಪಿಯ, ಪೈಪಿನೊಳಗೆ ಇಳಿಯುವ, ಟಿವಿ ಗೇಮ್‌ನ ನಮ್ಮ ಮಾರಿಯೋ! ಕ್ಯಾಮೆರಾ ಮೇಲೆ ಮೇಲೆ ಹೋಗುತ್ತದೆ. ಜನ ಇರುವೆ ಆಗುತ್ತಾರೆ. ಗುಂಪೆಲ್ಲ ಸೇರಿ ಮಾರಿಯೋನ ಮುಖ ಆಗುತ್ತದೆ. ಇನ್ನೂ ಮೇಲೆ ಹೋದರೆ ಭೂಮಿಯೇ ಕಾಣುತ್ತದೆ, ಅದರ ಮೇಲೂ ಅದೇ ಮುಖ. 'ಸೂಪರ್ ಮಾರಿಯೋ ಬ್ರದರ್ಸ್ 3' ಅಮೆರಿಕಕ್ಕೆ ಬಂದದ್ದು 1990ರ ಫೆಬ್ರವರಿಯಲ್ಲಿ. ಜಪಾನಿನಲ್ಲಿ ಅದು 1988ರಲ್ಲೇ ಬಂದಿತ್ತು. ಅದರ ಜಾಹೀರಾತು ಇದು. ನಮ್ಮ ಕ್ಯಾಸೆಟ್‌ನಲ್ಲಿರುವ ತುಣುಕಿನಲ್ಲಿ ಆಟ ಕಾಣುವುದೇ ಇಲ್ಲ. ಒಂದು ಆಟದ ಹೆಸರು ಕೂಗಲಿಕ್ಕೆ ಭೂಮಿಯ ಮೇಲಿರುವವರನ್ನೆಲ್ಲ ಕರೆದು ನಿಲ್ಲಿಸಿದ್ದಾರೆ.

ಅಲ್ಲಿಂದಲೇ ಮಸ್ಕತ್‌ನಲ್ಲಿರುವ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. "ಅಣ್ಣ, ಅದು ಮಾರಿಪೂಜೆ ಅಲ್ಲ, ಮಾರಿಯೋ!" ಅವನಿಗೆ ಒಂದು ಕ್ಷಣ ತಲೆಬುಡ ಗೊತ್ತಾಗಲಿಲ್ಲ. ಫೋನನ್ನು ಟಿವಿಗೆ ಹಿಡಿದೆ. ಆಮೇಲೆ ಆಫೀಸಿನಲ್ಲಿ ಕೂತವನು ಬಾಯಿ ಮುಚ್ಚಿಕೊಂಡು ನಕ್ಕ ನಗು ನೋಡಬೇಕಿತ್ತು. "ಅಜ್ಜಿ ಕೈ ಮುಗಿದಿದ್ರಲ್ಲ ಮಾರಾಯ್ತಿ" ಅಂದ. "ನಾನೂ ಮುಗಿದಿದ್ದೆ" ಅಂದೆ. ಅಂಗಡಿಯವರು ಕಣ್ಣು ಒರೆಸಿಕೊಂಡು ನಗುತ್ತಿದ್ದರು. ಮೂರು ಸಲ ಹಿಂದೆ ತಿರುಗಿಸಿ ಹಾಕಿದರು.

ಆ ರಾತ್ರಿ ಮಾರಿಗೆ ಕೈಮುಗಿದು ನಾಲ್ಕು ವರ್ಷ ಆದಮೇಲೆ, 1994ರಲ್ಲಿ, ನಮ್ಮ ಮನೆಗೆ ಟಿವಿ ಗೇಮ್ ಬಂತು. ಮಂಗಳೂರಿನ ಹಂಪನಕಟ್ಟೆಯಲ್ಲಿ ಅಪ್ಪ ಚೌಕಾಸಿ ಮಾಡಿ ತಂದ ಡಬ್ಬ. ಆಟ ತುಂಬಿದ ಹಳದಿ ಕ್ಯಾಸೆಟ್, ಅದರ ಮೇಲೆ ಆಟಗಳ ಸಂಖ್ಯೆ ಅಂತ ಲೆಕ್ಕವಿಲ್ಲದಷ್ಟು ಒಂಬತ್ತು. ನಿಂಟೆಂಡೋದವರು 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಎಂಬ ಟಿವಿ ಗೇಮ್‌ನ ನಕಲು ಅದು ಅಂತ ನಮಗೆ ಆಗ ಗೊತ್ತಿರಲಿಲ್ಲ. ಅದರಲ್ಲಿ ಮಾರಿಯೋ ಇದ್ದ. ಅಣ್ಣ ಎಷ್ಟೋ ಸಲ ರಾಜಕುಮಾರಿಯನ್ನು ಬಿಡಿಸಿಕೊಂಡು ಬಂದ. ಆದರೂ ಆ ರಾತ್ರಿಯ ಕೂಗು ಇವನದ್ದೇ ಅಂತ ನಮಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಾವು ಒಂದೇ ಒಂದು ಗೇಮ್ ಜಾಹೀರಾತು ನೋಡಿದವರಲ್ಲ. ನಮ್ಮ ಟಿವಿಯಲ್ಲಿ ಬರುತ್ತಿದ್ದದ್ದು ಸೋಪು, ಹಲ್ಲುಪುಡಿ, ನಿರ್ಮಾ. ಗೇಮ್‌ನ ಆಸೆ ಹುಟ್ಟಿದ್ದು ಅಂಗಡಿಯ ಗಾಜಿನೊಳಗಿನ ಡಬ್ಬದ ಮೇಲಿನ ಚಿತ್ರ ನೋಡಿ.

ಅದೇ ಡಬ್ಬದ ಜೊತೆ ಒಂದು ಗನ್ ಬಂದಿತ್ತು, ಬಾತುಕೋಳಿಗೆ ಹೊಡೆಯುವುದು. ಅಮ್ಮ ಅದನ್ನು ಇವತ್ತೂ ಇಟ್ಟಿದ್ದಾಳೆ. ಹೊಸ ಟಿವಿಯಲ್ಲಿ ಯಾಕೆ ಗುರಿ ತಾಗುವುದಿಲ್ಲ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಅಂಗಡಿಯವರು ದಪ್ಪ ಟಿವಿಯ ನೆತ್ತಿ ತಟ್ಟಿ ಹೇಳಿದರು. ಗನ್‌ನಿಂದ ಏನೂ ಹೊರಗೆ ಹೋಗುವುದಿಲ್ಲ. ಕುದುರೆ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಮೂತಿಯ ಕಣ್ಣು ಆ ಬೆಳಕು ನೋಡಿದರೆ ಗುರಿ ತಾಗಿದ ಲೆಕ್ಕ. ಹಳೇ ಟಿವಿ ಬೆಳಕು ಮೂಡಿಸುವ ರೀತಿಗೆ ಹೊಂದಿಸಿ ಮಾಡಿದ್ದು ಅದು. ಹೊಸ ಟಿವಿ ಚಿತ್ರವನ್ನು ತಡ ಮಾಡಿ ತೋರಿಸುತ್ತದೆ, ಬೆಳಕೂ ಬೇರೆ ತರ. ಕ್ಯಾಸೆಟ್ ಕೊಡಲು ಹೋದವಳಿಗೆ ಹಳೇ ಪ್ರಶ್ನೆಯೊಂದು ಪುಕ್ಕಟೆ ಬಗೆಹರಿಯಿತು.

ಅದೇ ಕ್ಯಾಸೆಟ್‌ನಲ್ಲಿ ಇನ್ನೊಂದು ಸಿಕ್ಕಿತು. ನಿಂಟೆಂಡೋದ ಎದುರಾಳಿ ಸೆಗಾದವರ ಟಿವಿ ಗೇಮ್, ಜೆನೆಸಿಸ್. ಜೋರು ಸಂಗೀತ, 'ಜೆನೆಸಿಸ್ ಡಸ್' ಅಂತ ಹಾಡು. ಆ ಜಾಹೀರಾತು ಸಾಲಿನ ಪೂರ್ತಿ ಮಾತು, 'ಜೆನೆಸಿಸ್ ಡಸ್ ವಾಟ್ ನಿಂಟೆನ್‌ಡೋಂಟ್'. ಎದುರಾಳಿಯ ಹೆಸರಿನ ಬಾಲ ತಿರುಚಿ, ಅವನ ಕೈಲಾಗದ್ದು ನಮ್ಮ ಕೈಲಾಗುತ್ತದೆ ಅಂತ ಹೇಳುವುದು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಕೇಳಿದ್ದರೆ ಭೇಷ್ ಅನ್ನುತ್ತಿದ್ದರು.

ಇದರ ಹಿಂದಿನ ಕತೆ ಮನೆಗೆ ಬಂದು ಹುಡುಕಿ ಓದಿದೆ, ಬಹಳ ಚೆನ್ನಾಗಿದೆ. ನಿಂಟೆಂಡೋ ಹತ್ತಿರ 1987ರಿಂದ ಮೈಕ್ ಟೈಸನ್ ಹೆಸರಿನ ಬಾಕ್ಸಿಂಗ್ ಆಟ ಇತ್ತು. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಾಸ್ ಎಂಬಾತ ಟೈಸನ್‌ನನ್ನು ನೆಲಕ್ಕೆ ಕೆಡವಿದ. ಯಾರೂ ಎಣಿಸಿರಲಿಲ್ಲ. ಸೆಗಾದವರು ಬಿಡುತ್ತಾರಾ? ಡಗ್ಲಾಸ್ ಹೆಸರಿನಲ್ಲೇ ಬಾಕ್ಸಿಂಗ್ ಆಟ ತಂದರು. ನಿಂಟೆಂಡೋದವರು ಟೈಸನ್‌ನನ್ನು ತೆಗೆದು 'ಮಿಸ್ಟರ್ ಡ್ರೀಮ್' ಅಂತ ಇಲ್ಲದ ಒಬ್ಬನನ್ನು ಹಾಕಿದರು. ಆದರೆ ಅಕ್ಟೋಬರ್ 25ಕ್ಕೆ ಹೋಲಿಫೀಲ್ಡ್ ಮೂರನೇ ಸುತ್ತಿನಲ್ಲೇ ಡಗ್ಲಾಸ್‌ನನ್ನು ಮಲಗಿಸಿದ. ನಮ್ಮ ಕ್ಯಾಸೆಟ್ ನ್ಯೂಜೆರ್ಸಿಯಿಂದ ಹೊರಟಾಗ ಡಗ್ಲಾಸ್ ಚಾಂಪಿಯನ್. ಕುಂಜಿಬೆಟ್ಟು ಮುಟ್ಟುವಾಗ ಅಲ್ಲ. ಇದನ್ನು ಹೇಳಿದಾಗ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ಭಾನುವಾರ ಮನೆಯಲ್ಲಿ ಬೇರೆ ಕೆಲಸ ಆಗಲಿಲ್ಲ. ಇಂಥ ಜಾಹೀರಾತು ಇನ್ನೂ ಯಾವುದಿದೆ ಅಂತ ಮಗಳು ಟಿವಿಯಲ್ಲಿ ಹುಡುಕಿ ಹುಡುಕಿ ಹಾಕಿದಳು. ಬನ್ಸ್ ಮಾಡಿಟ್ಟುಕೊಂಡು ಕೂತೆವು. ಅಮ್ಮನೂ ಉಡುಪಿಯಿಂದ ಬಂದಿದ್ದಳು.

ಅಮ್ಮನಿಗೆ ಇಷ್ಟ ಆದದ್ದು 1987ರ ಜೆಲ್ಡಾ. ಒಬ್ಬನೇ ಮನುಷ್ಯ ನಿಂತು ಆ ಆಟದ ರಾಕ್ಷಸರ ಹೆಸರನ್ನು ಒಂದೊಂದಾಗಿ ಕೂಗುತ್ತಾನೆ. ಕಣ್ಣು ಅರಳಿಸುತ್ತಾನೆ, ಹೆದರುತ್ತಾನೆ, ನಡುನಡುವೆ "ಜೆಲ್ಡಾ!" ಅಂತ ಅರಚುತ್ತಾನೆ. ಜಾನ್ ಕಾಸಿರ್ ಅಂತ ನಟ. "ಇವ ಒಳ್ಳೆ ವೇಷಧಾರಿ" ಅಂದಳು ಅಮ್ಮ. ನಿಜ. ಯಕ್ಷಗಾನದಲ್ಲಿ ಕಾಡೂ ಇರುವುದಿಲ್ಲ, ಕೋಟೆಯೂ ಇರುವುದಿಲ್ಲ. ಬಣ್ಣದ ವೇಷದವರ ಒಂದು ಅಬ್ಬರಕ್ಕೆ ಎಲ್ಲ ಕಣ್ಣೆದುರು ಬರುತ್ತದೆ. ಆ ಕಾಲದ ಆಟಗಳಲ್ಲಿ ರಾಕ್ಷಸ ಅಂದರೆ ನಾಲ್ಕು ಚೌಕ ಜೋಡಿಸಿದ ಹಾಗಿರುತ್ತಿತ್ತು. ಅದನ್ನು ನೋಡಿ ಯಾರು ಹೆದರುತ್ತಾರೆ? ಹೆದರಿಸಲಿಕ್ಕೆ ಒಬ್ಬ ಮನುಷ್ಯನೇ ಬೇಕು. ಹಳೇ ಗೇಮ್ ಜಾಹೀರಾತುಗಳು ನನಗೆ ಇಷ್ಟು ಹಿಡಿಸಿದ್ದು ಇದಕ್ಕೇ. ಆಟ ಸಣ್ಣದಿತ್ತು, ಹಾಗಾಗಿ ಮನುಷ್ಯರು ಅದಕ್ಕೆ ಪ್ರಾಣ ಕೊಟ್ಟು ಕೂಗಿದ್ದಾರೆ.

ಹಾಗೆ ಪ್ರಾಣ ಕೊಟ್ಟವನು ಜಪಾನಿನ ಸೆಗಾಟಾ ಸನ್‌ಶಿರೋ. ನನ್ನ ಮಟ್ಟಿಗೆ ಎಲ್ಲರಿಗಿಂತ ದೊಡ್ಡವನು. 1997ರಲ್ಲಿ ಸೆಗಾ ಸಾಟರ್ನ್ ಎಂಬ ಟಿವಿ ಗೇಮ್‌ಗೆ ಅಂತ ಶುರುವಾದ ಜಾಹೀರಾತು ಸಾಲು ಅದು. ಹಿರೋಶಿ ಫುಜಿಯೋಕಾ ಮಾಡಿದ್ದು, 'ಕಾಮೆನ್ ರೈಡರ್' ಆಗಿ ಜಪಾನಿನ ಮಕ್ಕಳಿಗೆಲ್ಲ ಗೊತ್ತಿದ್ದವರು. ಬಿಳಿ ಜೂಡೋ ಅಂಗಿ. ಯಾರಾದರೂ ಹೊರಗೆ ಬೇಸ್‌ಬಾಲ್ ಆಡುತ್ತಿದ್ದರೆ, ಎಲ್ಲೋ ಕುಣಿಯುತ್ತಿದ್ದರೆ ಇವನು ಪ್ರತ್ಯಕ್ಷ. ಎತ್ತಿ ನೆಲಕ್ಕೆ ಒಗೆಯುತ್ತಾನೆ, ಬಿದ್ದವರು ಢಮಾರ್ ಅಂತ ಸಿಡಿಯುತ್ತಾರೆ. ಮತ್ತೆ ಕ್ಯಾಮೆರಾ ನೋಡಿ ಗುಡುಗುತ್ತಾನೆ: "ಸೆಗಾ ಸಾಟರ್ನ್, ಶಿರೋ!" ಶಿರೋ ಅಂದರೆ ಮಾಡು, ಇಲ್ಲಿ ಆಡು ಅಂತ. ಅವನ ಹೆಸರಿನಲ್ಲೇ ಆ ಅಪ್ಪಣೆ ಇದೆ. ಬೆಟ್ಟದಲ್ಲಿ ಬೆನ್ನಿಗೆ ದೊಡ್ಡ ಸಾಟರ್ನ್ ಕಟ್ಟಿಕೊಂಡು ಸಾಧನೆ ಮಾಡುತ್ತಾನೆ, ನಮ್ಮ ಗರಡಿಯ ಹುಡುಗರು ಕಲ್ಲುಗುಂಡು ಎತ್ತಿದ ಹಾಗೆ.

ಕೊನೆಯದ್ದು ನೋಡಿ ನಾವು ಮೂವರೂ ಸುಮ್ನೆ ಕೂತೆವು. 1998ರಲ್ಲಿ ಸೆಗಾದವರು ಹೊಸ ಡ್ರೀಮ್‌ಕಾಸ್ಟ್ ತರುವವರಿದ್ದರು, ಸಾಟರ್ನ್ ಹೊರಡಬೇಕು. ಸೆಗಾ ಕಚೇರಿಯ ಕಡೆ ಕ್ಷಿಪಣಿ ಬರುತ್ತದೆ. ಸೆಗಾಟಾ ಮಾಳಿಗೆಯಿಂದ ಹಾರಿ ಅದನ್ನು ತಬ್ಬಿ ಹಿಡಿದು ಆಕಾಶಕ್ಕೆ ತಿರುಗಿಸುತ್ತಾನೆ. ಅದರ ಜೊತೆಗೇ ಹೋಗುತ್ತಾನೆ. ಮಗಳು ಅತ್ತಳು. ಅಮ್ಮ, "ಪಾಪ, ಒಳ್ಳೆಯವ" ಅಂದಳು.

ಡ್ರೀಮ್‌ಕಾಸ್ಟ್‌ನದ್ದಂತೂ ನೋಡಿದವರೆಲ್ಲ ದಂಗಾಗಬೇಕು. ಇಬ್ಬರು ಹುಡುಗರು, ಸೆಗಾ ಬೋರು, ಸೋನಿಯವರ ಪ್ಲೇಸ್ಟೇಷನ್ನೇ ಮಜಾ ಅಂತ ಮಾತಾಡಿಕೊಳ್ಳುತ್ತಾರೆ. ಅದನ್ನು ಕೇಳಿಸಿಕೊಂಡು ಬೇಜಾರು ಮಾಡಿಕೊಳ್ಳುವವರು ಸೆಗಾದ ನಿಜವಾದ ಹಿರಿಯ ಅಧಿಕಾರಿ, ಹಿಡೆಕಾಜು ಯುಕಾವಾ. ತಮ್ಮ ಕಂಪನಿಯ ಬೈಗುಳವನ್ನು ದುಡ್ಡು ಕೊಟ್ಟು ತಾವೇ ಟಿವಿಯಲ್ಲಿ ಹಾಕಿಸಿದ ಧೈರ್ಯ ನನಗೆ ತುಂಬಾ ಇಷ್ಟ ಆಯಿತು.

ಎದುರಾಳಿಯ ಮನೆ ಬಾಗಿಲಿಗೇ ಹೋದದ್ದೂ ಇದೆ. 1996ರಲ್ಲಿ ಸೋನಿಯವರು ತಮ್ಮ ಆಟದ ನಾಯಕ ಕ್ರ್ಯಾಶ್ ಬ್ಯಾಂಡಿಕೂಟ್‌ನ ವೇಷ ಹಾಕಿದವನನ್ನು ನಿಂಟೆಂಡೋ ಕಚೇರಿಯ ಮುಂದೆ ನಿಲ್ಲಿಸಿ ಮೈಕಿನಲ್ಲಿ ಮಾರಿಯೋನನ್ನು ಕರೆದು ಕೆಣಕಿದರು. "ಓ ಮೀಸೆಯವನೇ" ಅನ್ನುವ ದಾಟಿ. ಸೆಕ್ಯುರಿಟಿಯವರು ಬಂದು ತೋಳು ಹಿಡಿದು ಕರಕೊಂಡು ಹೋಗುತ್ತಾರೆ. 1999ರಲ್ಲಿ ಬಂದ ನಿಂಟೆಂಡೋದ ಸ್ಮ್ಯಾಶ್ ಬ್ರದರ್ಸ್ ಆಟದ ಜಾಹೀರಾತಿನಲ್ಲಿ ಮಾರಿಯೋ, ಯೋಶಿ, ಡಾಂಕಿ ಕಾಂಗ್, ಪಿಕಾಚು ಬೊಂಬೆ ವೇಷದಲ್ಲಿ ಕೈಕೈ ಹಿಡಿದು ಹೂವಿನ ಬಯಲಲ್ಲಿ ನಡೆಯುತ್ತಾರೆ. ಇಂಪಾದ ಹಾಡು. ಇದ್ದಕ್ಕಿದ್ದ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಟ. ಮೊಸರುಕುಡಿಕೆಗೆ ಹಾಕಿದ ಬೊಂಬೆ ವೇಷಗಳು ರಥಬೀದಿಯಲ್ಲಿ ಜಗಳಕ್ಕೆ ಬಿದ್ದ ಹಾಗೆ ಎಣಿಸಿಕೊಳ್ಳಿ. ಇದನ್ನು ಮಗಳು ಐದು ಸಲ ಹಾಕಿಸಿದಳು.

ಹಿಡಿಸದ್ದೂ ಒಂದಿದೆ, ಹೇಳುತ್ತೇನೆ. ಸೆಗಾದವರ ಗೇಮ್ ಗಿಯರ್, ಕೈಯಲ್ಲಿ ಹಿಡಿದು ಆಡುವಂಥದ್ದು, ಅದರ ಜಾಹೀರಾತು. ಅಂಥದ್ದೇ ಆದ ನಿಂಟೆಂಡೋದ ಗೇಮ್ ಬಾಯ್‌ಗೆ ಬಣ್ಣ ಇರಲಿಲ್ಲ. ಅದನ್ನು ಆಡುವ ಹುಡುಗನೊಬ್ಬ ಸತ್ತ ಅಳಿಲಿನಿಂದ ತಲೆಗೆ ಹೊಡೆದುಕೊಂಡು ಬಣ್ಣ ಕಾಣುವ ಜಾಹೀರಾತು. ಅಳಿಲನ್ನು ಹಾಗೆ ತೋರಿಸಿದ್ದು ನಮಗೆ ಯಾರಿಗೂ ಸರಿ ಕಾಣಲಿಲ್ಲ. ಅಲ್ಲದೆ ಗೇಮ್ ಗಿಯರ್‌ಗೆ ಆರು ಸೆಲ್ ಬೇಕು, ಮೂರರಿಂದ ಐದು ಗಂಟೆಗೆ ಖಾಲಿ. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಜಾಸ್ತಿ ಓಡುತ್ತಿತ್ತು. ಕೊನೆಗೆ ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ 11 ಕೋಟಿಗೂ ಜಾಸ್ತಿ ಮಾರಾಟ ಆದವು, ಗೇಮ್ ಗಿಯರ್ ಸುಮಾರು ಒಂದು ಕೋಟಿ.

ರಷ್ಯಾದ ಒಂದು ಮಾತ್ರ ನನ್ನನ್ನು ಬೇರೆ ರೀತಿ ತಟ್ಟಿತು. 1992ರಿಂದ ಅಲ್ಲಿ 'ಡೆಂಡಿ' ಅಂತ ಟಿವಿ ಗೇಮ್ ಮಾರುತ್ತಿದ್ದರು. ಅದೂ ಫ್ಯಾಮಿಕಾಮ್ ನಕಲೇ, ನಮ್ಮ ಮನೆಯದ್ದರ ಅಣ್ಣ-ತಮ್ಮ. ಅದಕ್ಕೆ ಒಂದು ಮುದ್ದು ಆನೆಮರಿ, ಒಂದು ಹಾಡು. ಎಲ್ಲರಿಗೂ ಡೆಂಡಿ ಇಷ್ಟ, ಎಲ್ಲರೂ ಆಡುತ್ತಾರೆ ಅಂತ. ನಕಲು ಡಬ್ಬಕ್ಕೂ ಒಂದು ದೇಶದ ಮಕ್ಕಳೆಲ್ಲ ಹಾಡುವ ಹಾಡು ಸಿಕ್ಕಿತಲ್ಲ! ನಮ್ಮ ಹಂಪನಕಟ್ಟೆಯ ಡಬ್ಬಕ್ಕೆ ಯಾರೂ ಹಾಡು ಕಟ್ಟಲಿಲ್ಲ. ನಮ್ಮ ದೇಶಕ್ಕೆ 1995ರ ಹೊತ್ತಿಗೆ ಸೆಗಾದ ಅಸಲಿ ಮೆಗಾಡ್ರೈವ್ (ಅಮೆರಿಕದ ಜೆನೆಸಿಸ್‌ಗೆ ಇನ್ನೊಂದು ಹೆಸರು) ಬಂದಿತ್ತು, ಶಾ ವ್ಯಾಲೇಸ್ ಕಂಪನಿಯವರ ಮೂಲಕ. ಬೆಲೆ 18,000 ರೂಪಾಯಿ. ಆ ದುಡ್ಡು ಅಪ್ಪನ ಎಷ್ಟೋ ತಿಂಗಳ ಸಂಬಳ.

ಇನ್ನು ಅಂಗಡಿಯ ಲೆಕ್ಕಾಚಾರ. ಒಂದು ಕ್ಯಾಸೆಟ್‌ಗೆ 350 ರೂಪಾಯಿ, ಬೂಷ್ಟು ತೆಗೆದದ್ದಕ್ಕೆ 200, ಪೆನ್‌ಡ್ರೈವ್ ನಮ್ಮದೇ. ಆ ಕೆಲಸ ಕಣ್ಣಾರೆ ನೋಡಿದ ನನಗೆ ಇದು ಜಾಸ್ತಿ ಅಲ್ಲ. ಎರಡು ಗಂಟೆಯ ಟೇಪನ್ನು ಎರಡು ಗಂಟೆ ಓಡಿಸಿಯೇ ತುಂಬಿಸಬೇಕು, ಬೇಗ ಮಾಡುವ ದಾರಿ ಇಲ್ಲ. ತೊಂದರೆ ಮೂರು. ನಾಲ್ಕು ದಿನ ಅಂದದ್ದು ಒಂಬತ್ತು ದಿನ ಆಯಿತು, ಎರಡು ಸಲ ಸುಮ್ನೆ ಹೋಗಿ ಬಂದೆ. ಫೋನ್ ಮಾಡಿ ಹೇಳಿದ್ದರೆ ಬಸ್ ಚಾರ್ಜ್ ಉಳಿಯುತ್ತಿತ್ತು. ಆ ಮೆಟ್ಟಿಲು ವಯಸ್ಸಾದವರಿಗೆ ಕಷ್ಟ, ಅಮ್ಮನನ್ನು ಕರಕೊಂಡು ಹೋಗಲು ಆಗಲಿಲ್ಲ. ಕೊಟ್ಟ ಫೈಲ್‌ನಲ್ಲಿ ಕೊನೆಯ ಇಪ್ಪತ್ತು ನಿಮಿಷ ತುಟಿ ಒಂದು ಕಡೆ, ಮಾತು ಒಂದು ಕಡೆ ಇತ್ತು. ತಿರುಗಿ ಕೊಟ್ಟಾಗ ಮುಖ ಗಂಟು ಹಾಕದೆ ಸರಿ ಮಾಡಿ ಕೊಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಹೋಗುವವರು ಮಳೆ ಬಿಡುವವರೆಗೆ ಕಾಯಬೇಡಿ, ಬೂಷ್ಟು ಕಾಯುವುದಿಲ್ಲ. ಮನೆಯಲ್ಲಿ ಹಳೇ ವಿಸಿಆರ್ ಇದ್ದರೂ ಒಮ್ಮೆ ಹಾಕಿ ನೋಡೋಣ ಅಂತ ಹಾಕಬೇಡಿ. ವಿದೇಶದಿಂದ ಬಂದ ಕ್ಯಾಸೆಟ್ ಆದರೆ ಮೊದಲೇ ಹೇಳಿ. ಬೆಳಗ್ಗೆ ಹತ್ತೂವರೆಯಿಂದ ಒಂದು ಗಂಟೆ, ಸಂಜೆ ನಾಲ್ಕರಿಂದ ಏಳು, ಭಾನುವಾರ ಇಲ್ಲ. ಅಪ್ಪನ ಮ್ಯಾಚ್ ಕ್ಯಾಸೆಟ್ ಪುಣ್ಯಕ್ಕೆ ಇನ್ನೂ ನನ್ನ ಹತ್ತಿರವೇ ಇತ್ತು. ಮೊನ್ನೆ ಅದನ್ನೂ ಇವರಿಗೆ ಕೊಟ್ಟು ಬಂದೆ. ಅವರು ಚೀಟಿ ಬರೆದು ಕ್ಯಾಸೆಟ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದರು: 'ಕ್ರಿಕೆಟ್, 1996. ಅಡ್ವರ್ಟೈಸ್‌ಮೆಂಟ್ ಎಲ್ಲಾ ಬೇಕು.'